ವಿಶ್ಲೇಷಣೆ: ಬೀದಿಯಿಂದ ಬಂದ ಮರಿಗೆ ಮನೆ ಸಿಕ್ಕಿತು, ವಾಪಸ್ ಬಂದರೆ ಗತಿಯೇನು?

"ತುರ್ತು. ಎರಡೂವರೆ ತಿಂಗಳ ಹೆಣ್ಣು ಮರಿ. ಮೊದಲ ಲಸಿಕೆ ಆಗಿದೆ. ತುಂಬಾ ಸಾಧು. ಈ ಭಾನುವಾರದೊಳಗೆ ಮನೆ ಬೇಕು."

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎನ್ನದೆ ಯಾವುದೇ ಮಹಾನಗರದ ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಇಂಥ ಸಂದೇಶ ಈಗ ಹೊಸದಲ್ಲ. ಜೊತೆಗೊಂದು ಫೋಟೊ ಇರುತ್ತದೆ. ಕೆಳಗೆ ಹೃದಯದ ಎಮೋಜಿಗಳು ಸಾಲುಗಟ್ಟುತ್ತವೆ. "ಎಷ್ಟು ಮುದ್ದಾಗಿದೆ" ಎನ್ನುವವರು ಹಲವರು, "ನಾವು ಸಾಕುತ್ತೇವೆ" ಎನ್ನುವವರು ಕೆಲವರು. ಹಾಗೆ ಒಯ್ದವರಲ್ಲೂ ಕೆಲವರಿಂದ ಹದಿನೈದು ದಿನಕ್ಕೆ ಫೋನ್ ಬರುತ್ತದೆ: "ಓನರ್ ಒಪ್ಪುತ್ತಿಲ್ಲ, ವಾಪಸ್ ತಗೊಳ್ತೀರಾ?"

ಬೀದಿ ನಾಯಿಗಳ ಬಗ್ಗೆ ದೇಶದಲ್ಲಿ ನಡೆಯುತ್ತಿರುವ ಚರ್ಚೆಯಲ್ಲಿ ಈ ಎರಡನೇ ಫೋನ್ ಕರೆಗೆ ಜಾಗವೇ ಸಿಕ್ಕಿಲ್ಲ. ನಾಯಿಗಳನ್ನು ಹಿಡಿಯಬೇಕೇ, ಬಿಡಬೇಕೇ, ಎಲ್ಲಿ ಊಟ ಹಾಕಬೇಕು ಎಂಬುದರ ಸುತ್ತಲೇ ವಾದ ನಿಂತಿದೆ. ದತ್ತು ಎಂಬ ಪದ ಬಂದಾಗ ಮಾತ್ರ ಎರಡೂ ಕಡೆಯವರು ತಲೆಯಾಡಿಸುತ್ತಾರೆ. ಆದರೆ ದತ್ತು ಎಂದರೆ ಮರಿಯನ್ನು ಕೈಗೆ ಕೊಟ್ಟು ಫೋಟೊ ತೆಗೆಯುವ ದಿನ ಮಾತ್ರವಲ್ಲ. ಅದರ ಮುಂದಿನ ಆರು ತಿಂಗಳೇ ನಿಜವಾದ ಪರೀಕ್ಷೆ.

ಕೋರ್ಟ್ ಹೇಳಿದ್ದೇನು?

2025ರ ಜುಲೈ 28ರಂದು ಸುಪ್ರೀಂ ಕೋರ್ಟ್ ಬೀದಿ ನಾಯಿ ಕಡಿತದ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಮತ್ತು ಸುತ್ತಲಿನ ಪ್ರದೇಶದ ಬೀದಿ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಹಾಕಲು ಆದೇಶಿಸಿತು. ಹನ್ನೊಂದೇ ದಿನಗಳಲ್ಲಿ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಸೋಂಕಿನ ಅಥವಾ ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ಪ್ರಕರಣದ ವ್ಯಾಪ್ತಿಯನ್ನೂ ದೇಶದುದ್ದಕ್ಕೂ ವಿಸ್ತರಿಸಿತು.

ಅದೇ ಆದೇಶದಲ್ಲಿ ದತ್ತಿನ ಬಗ್ಗೆಯೂ ಒಂದು ಮಾತಿದೆ. ಪ್ರಾಣಿಪ್ರಿಯರು ಬೀದಿ ನಾಯಿಯನ್ನು ದತ್ತು ಪಡೆಯಲು ಪಾಲಿಕೆಗೆ ಅರ್ಜಿ ಹಾಕಬಹುದು. ಗುರುತಿಸಿದ ನಾಯಿಗೆ ಟ್ಯಾಗ್ ಹಾಕಿ ಕೊಡಲಾಗುತ್ತದೆ. ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ದತ್ತು ಪಡೆದವರದ್ದು.

ನವೆಂಬರ್ 7ರ ಆದೇಶ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಶೆಲ್ಟರ್‌ಗೆ ಸೇರಿಸಬೇಕು, ಅದೇ ಜಾಗಕ್ಕೆ ಮರಳಿ ಬಿಡಬಾರದು ಎಂದಿತು. ಕಾಲೇಜು ಕ್ಯಾಂಟೀನಿನ ಹಿಂದೆ, ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಹುಟ್ಟಿದ ಮರಿಗಳೂ ಇದರ ವ್ಯಾಪ್ತಿಗೆ ಬಂದವು. ಅವುಗಳಿಗೆ ಉಳಿದಿರುವುದು ಶೆಲ್ಟರ್, ಇಲ್ಲವೇ ಒಂದು ಮನೆ.

ಆದೇಶದ ಉದ್ದೇಶ ಸರಿಯಾಗಿಯೇ ಇದೆ. ಒಯ್ದ ನಾಯಿಯನ್ನು ಬೀದಿಗೆ ಬಿಡುವುದನ್ನು ಯಾರೂ ಸಮರ್ಥಿಸಲಾರರು. ಆದರೆ ದತ್ತು ಕೈಕೊಟ್ಟಾಗ ಆ ನಾಯಿಯನ್ನು ಎಲ್ಲಿಗೆ ಒಯ್ಯಬೇಕು? ಹೊಣೆ ಯಾರದ್ದು ಎಂಬುದಕ್ಕೆ ಉತ್ತರವಿದೆ, ದಾರಿ ಯಾವುದು ಎಂಬುದಕ್ಕೆ ಇಲ್ಲ.

ಆರು ತಿಂಗಳೊಳಗಿನ ಮರಿ ಯಾರ ಲೆಕ್ಕಕ್ಕೆ?

ಬೀದಿ ನಾಯಿಗಳ ಸಂಖ್ಯೆ ನಿಯಂತ್ರಣಕ್ಕೆ ದೇಶದಲ್ಲಿರುವ ಮುಖ್ಯ ಅಸ್ತ್ರ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು, ಅಂದರೆ ಎಬಿಸಿ ನಿಯಮಗಳು. ನಾಯಿಯನ್ನು ಹಿಡಿ, ಶಸ್ತ್ರಚಿಕಿತ್ಸೆ ಮಾಡು, ಲಸಿಕೆ ಹಾಕು, ಅಲ್ಲಿಗೇ ಬಿಡು ಎಂಬುದು ಇದರ ಸಾರ. ಆರು ತಿಂಗಳೊಳಗಿನ ಮರಿಗಳನ್ನು ಸಂತಾನಹರಣಕ್ಕಾಗಿ ಹಿಡಿಯುವಂತಿಲ್ಲ.

ನಿಯಮಕ್ಕೆ ಕಾರಣವಿದೆ, ಎಳೆಯ ಮರಿಗೆ ಶಸ್ತ್ರಚಿಕಿತ್ಸೆ ಮತ್ತು ಸಾಗಾಟ ಎರಡೂ ಕಷ್ಟ. ಆದರೆ ಇದರಿಂದ ಒಂದು ಖಾಲಿ ಜಾಗ ಹುಟ್ಟಿಕೊಂಡಿದೆ. ವಾಹನಕ್ಕೆ ಸಿಕ್ಕಿ ತಾಯಿ ಸತ್ತ ಮರಿ, ಮಳೆಗಾಲದಲ್ಲಿ ಚರಂಡಿಯಿಂದ ಎತ್ತಿ ತಂದ ಮರಿ, ಯಾರೋ ರಟ್ಟಿನ ಡಬ್ಬದಲ್ಲಿ ತಂದು ಗೇಟಿನ ಮುಂದಿಟ್ಟ ಮರಿ, ಇವು ಎಬಿಸಿ ವಾಹನಕ್ಕೆ ಬೇಡ. "ಹಿಡಿದ ಜಾಗಕ್ಕೇ ಬಿಡಿ" ಎನ್ನಲು ಅವಕ್ಕೆ ತಮ್ಮದೆನ್ನುವ ಜಾಗವೂ ಇಲ್ಲ. ಎತ್ತಿಕೊಂಡು ಬಂದವರ ಬಾತ್‌ರೂಮ್ ಅಥವಾ ಬಾಲ್ಕನಿಯೇ ಅವುಗಳ ಶೆಲ್ಟರ್.

ಈ ಆರು ತಿಂಗಳು ಕಳೆದರೆ ಏನಾಗುತ್ತದೆ ಎಂಬುದು ಸರಳ ಲೆಕ್ಕ. ಹೆಣ್ಣು ನಾಯಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮೊದಲ ಬಾರಿ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಮೂರು ತಿಂಗಳಿಗೆ ಮನೆ ಸಿಗದ ಹೆಣ್ಣು ಮರಿ ವರ್ಷ ತುಂಬುವ ಹೊತ್ತಿಗೆ ತಾನೇ ತಾಯಿಯಾಗಿರಬಹುದು. ಒಂದು ಮರಿಗೆ ಮನೆ ಹುಡುಕುವುದು ಕರುಣೆಯ ಕೆಲಸ ಹೇಗೋ, ಮುಂದಿನ ತಲೆಮಾರನ್ನು ತಡೆಯುವ ಕೆಲಸವೂ ಹಾಗೆಯೇ.

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಬೀದಿ ನಾಯಿಗಳು ಸುಮಾರು 1.53 ಕೋಟಿ. ಬೆಂಗಳೂರು ಪಾಲಿಕೆಯ 2023ರ ಸಮೀಕ್ಷೆಯಲ್ಲಿ ಸುಮಾರು 2.79 ಲಕ್ಷ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಅಂಕಿಯಂತೆ 2024ರಲ್ಲಿ ದೇಶದಲ್ಲಿ ದಾಖಲಾದ ನಾಯಿ ಕಡಿತ ಪ್ರಕರಣಗಳು 37 ಲಕ್ಷಕ್ಕೂ ಹೆಚ್ಚು. ಈ ಸಂಖ್ಯೆಗಳ ಮುಂದೆ ದತ್ತು ಒಂದೇ ಪರಿಹಾರ ಎನ್ನುವುದು ಉತ್ಪ್ರೇಕ್ಷೆ. ಸಂತಾನಹರಣ ಮತ್ತು ಲಸಿಕೆಗೆ ಪರ್ಯಾಯವಿಲ್ಲ. ಆದರೆ ಅವು ತಲುಪದ ವಯಸ್ಸಿಗೆ ದತ್ತು ತಲುಪಬಹುದು.

ಎಂಟು ವಾರದ ಮೊದಲು ಬೇಡ, ತಡವೂ ಬೇಡ

ಮನೆ ಹುಡುಕುವವರಿಗೆ ಕಾಲ ಎರಡೂ ಕಡೆಯಿಂದ ಒತ್ತುತ್ತದೆ. ಎಂಟು ವಾರಕ್ಕೆ ಮೊದಲೇ ತಾಯಿ ಮತ್ತು ಒಡಹುಟ್ಟಿದ ಮರಿಗಳಿಂದ ಬೇರೆ ಮಾಡಿದರೆ ಮರಿ ಎಷ್ಟು ಜೋರಾಗಿ ಕಚ್ಚಬಾರದು ಎಂಬ ಪಾಠವನ್ನೇ ಕಲಿಯುವುದಿಲ್ಲ. ಮುಂದೆ ಅಂಜಿಕೆ, ಕಚ್ಚುವ ಅಭ್ಯಾಸ ಹೆಚ್ಚಬಹುದು. ಮೂರರಿಂದ ಸುಮಾರು ಹದಿನಾಲ್ಕು ವಾರಗಳವರೆಗಿನ ಅವಧಿಯಲ್ಲಿ ಮರಿ ಜನರನ್ನು, ಮಕ್ಕಳನ್ನು, ಮಿಕ್ಸಿಯ ಸದ್ದನ್ನು, ಲಿಫ್ಟನ್ನು ಹೆದರದೆ ಒಪ್ಪಿಕೊಳ್ಳುತ್ತದೆ. ಆ ದಿನಗಳು ಒಂದು ಕೋಣೆಯಲ್ಲೇ ಕಳೆದರೆ ನಂತರ ಮನೆಗೆ ಹೊಂದಿಸುವುದು ಕಷ್ಟ.

ಲಸಿಕೆಯ ವೇಳಾಪಟ್ಟಿಯೂ ಇದೇ ಅವಧಿಯಲ್ಲಿ ನಡೆಯುತ್ತಿರುತ್ತದೆ. ಪಾರ್ವೊ, ಡಿಸ್ಟೆಂಪರ್ ವಿರುದ್ಧದ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ ಕೆಲವು ವಾರಗಳ ಅಂತರದಲ್ಲಿ ಹದಿನಾರು ವಾರದವರೆಗೆ ಮುಂದುವರಿಯುತ್ತದೆ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ಅಂದರೆ ಎರಡೂವರೆ ತಿಂಗಳ ಮರಿಯನ್ನು ಒಯ್ಯುವವರು ಅರ್ಧ ಮುಗಿದ ಲಸಿಕೆ ಕಾರ್ಡನ್ನೂ ಒಯ್ಯುತ್ತಾರೆ. ಉಳಿದರ್ಧ ಅವರ ಕೆಲಸ. ಹಲವು ಕಡೆ ಇದು ತಪ್ಪುವುದೂ ಇಲ್ಲೇ.

ಪಾರ್ವೊ ತಗುಲಿದ ಮರಿ ಮೊದಲ ಕೆಲವು ದಿನ ಆರೋಗ್ಯವಾಗಿಯೇ ಕಾಣುತ್ತದೆ. ಅದಕ್ಕಾಗಿಯೇ ಅನುಭವಿ ಸ್ವಯಂಸೇವಕರು ಬೀದಿಯಿಂದ ತಂದ ಮರಿಯನ್ನು ಎರಡು ವಾರ ಪ್ರತ್ಯೇಕವಾಗಿಟ್ಟು ನಂತರವೇ ಕೊಡುತ್ತಾರೆ. ಇಂದು ಎತ್ತಿಕೊಂಡು ನಾಳೆ ದತ್ತು ಕೊಟ್ಟರೆ ಹೊಸ ಮನೆಯವರ ಪಾಲಿಗೆ ಬರುವುದು ಆಸ್ಪತ್ರೆಯ ಬಿಲ್ ಮತ್ತು ದುಃಖ.

"ಮರಿ ತಾನೇ, ಕಚ್ಚಿದರೇನು" ಎಂಬುದು ಅಪಾಯಕಾರಿ ಮಾತು. ಲಸಿಕೆಯಾಗದ ಮರಿಯ ಹಲ್ಲು ತಾಗಿ ಗಾಯವಾದರೂ ಹದಿನೈದು ನಿಮಿಷ ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ.

11 ತಿಂಗಳ ಕರಾರು, 12 ವರ್ಷದ ನಾಯಿ

ದತ್ತು ಮುರಿಯುವುದಕ್ಕೆ ಪ್ರೀತಿಯ ಕೊರತೆಯೇ ಕಾರಣ ಎಂದು ಭಾವಿಸುವುದು ಸುಲಭ. ಆದರೆ ಮಹಾನಗರಗಳಲ್ಲಿ ದೊಡ್ಡ ಅಡ್ಡಿ ಮನೆಯೇ. ಮುಂಬೈ, ಪುಣೆಗಳಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ನಾಯಿ ಬದುಕುವುದು ಹತ್ತು, ಹನ್ನೆರಡು, ಕೆಲವೊಮ್ಮೆ ಹದಿನೈದು ವರ್ಷ. ಒಂದು ನಾಯಿಯ ಆಯುಷ್ಯದಲ್ಲಿ ಬಾಡಿಗೆದಾರ ಹತ್ತು ಬಾರಿ ಕರಾರು ಬರೆಯಬೇಕು, ಹತ್ತು ಬಾರಿಯೂ ಮಾಲೀಕರು ಒಪ್ಪಬೇಕು.

ಕಾನೂನಿನ ಸ್ಥಿತಿ ಇಲ್ಲಿ ಎರಡು ಬಗೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹೌಸಿಂಗ್ ಸೊಸೈಟಿಗಳು ಬಹುಮತದ ನಿರ್ಣಯದಿಂದಲೂ ಸಾಕು ನಾಯಿಯನ್ನು ನಿಷೇಧಿಸುವಂತಿಲ್ಲ. ಆದರೆ ಮನೆ ಮಾಲೀಕರು ಬಾಡಿಗೆ ಕರಾರಿನಲ್ಲಿ "ಸಾಕುಪ್ರಾಣಿ ಇಲ್ಲ" ಎಂದು ಬರೆಸಿಕೊಳ್ಳುವುದು ಬೇರೆ ವಿಷಯ. ಸೊಸೈಟಿ ವಿರುದ್ಧ ಗೆದ್ದವರೂ ಮಾಲೀಕರ ಮುಂದೆ ಸೋಲುತ್ತಾರೆ.

ಕೆಲಸಕ್ಕಾಗಿ ಊರು ಬಿಟ್ಟು ಬಂದ ಕನ್ನಡಿಗ ಕುಟುಂಬಗಳಿಗೆ ಇದು ಇನ್ನೂ ಹತ್ತಿರದ ಸಮಸ್ಯೆ. ವರ್ಗಾವಣೆ ಬಂದರೆ ನಾಯಿಯ ಜೊತೆ ಊರು ಬದಲಿಸುವುದು ಸುಲಭವಲ್ಲ. ರೈಲಿನಲ್ಲಿ ಎಸಿ ಮೊದಲ ದರ್ಜೆಯ ಇಡೀ ಕೂಪೆ ಅಥವಾ ಕ್ಯಾಬಿನ್ ಕಾಯ್ದಿರಿಸಿದರೆ ಮಾತ್ರ ನಾಯಿಯನ್ನು ಜೊತೆಗಿಟ್ಟುಕೊಳ್ಳಬಹುದು, ಇಲ್ಲವಾದರೆ ಗಾರ್ಡ್ ವ್ಯಾನಿನ ಪೆಟ್ಟಿಗೆಯೇ ಗತಿ.

ಆಗ ಹೊಳೆಯುವ ಉಪಾಯ "ಊರಿಗೆ ಕಳಿಸೋಣ". ಹುಬ್ಬಳ್ಳಿಯಲ್ಲೋ ಕುಂದಾಪುರದಲ್ಲೋ ಇರುವ ವಯಸ್ಸಾದ ಅಪ್ಪ-ಅಮ್ಮನ ಮಡಿಲಿಗೆ ಎಂಟು ತಿಂಗಳ, ಕಟ್ಟಿ ಹಾಕಿದರೆ ಊಳಿಡುವ ನಾಯಿ ಬೀಳುತ್ತದೆ. ಅದನ್ನು ಬೆಳಿಗ್ಗೆ ಸಂಜೆ ಹೊರಗೆ ಕರೆದೊಯ್ಯುವ ಶಕ್ತಿ ಅವರಿಗಿರುತ್ತದೆಯೇ ಎಂದು ಯಾರೂ ಕೇಳಿರುವುದಿಲ್ಲ. ಮಲೆನಾಡಿನ ತೋಟದ ಮನೆಯಾದರೆ ಚಿರತೆಯ ಭಯ ಬೇರೆ. ಊರು ಹಿರಿಯರ ಒಪ್ಪಿಗೆಯಿಂದ ಸಿಕ್ಕರೆ ಒಳ್ಳೆಯ ಮನೆ. ಬೇರೆ ದಾರಿ ಕಾಣದೆ ಕಳಿಸಿದರೆ ಅದು ಇನ್ನೊಬ್ಬರ ಹೆಗಲಿಗೆ ದಾಟಿಸಿದ ಹೊರೆ.

"ಗಂಡು ಮರಿ ಇದ್ದರೆ ಹೇಳಿ"

ಮನೆ ಹುಡುಕುವವರು ಪದೇಪದೇ ಕೇಳುವ ಇನ್ನೊಂದು ಮಾತು ಇದು. ಹೆಣ್ಣು ಮರಿ ಎಂದರೆ ಬೆದೆ, ರಕ್ತಸ್ರಾವ, ಮರಿಗಳು, ಯಾಕೆ ಬೇಕು ತಲೆನೋವು ಎಂಬ ಲೆಕ್ಕ. ಒಂದು ಶಸ್ತ್ರಚಿಕಿತ್ಸೆಯಿಂದ ಈ ಮೂರೂ ನಿಲ್ಲುತ್ತವೆ. ಆದರೂ ಒಂದೇ ಹೆರಿಗೆಯ ಮರಿಗಳಲ್ಲಿ ಗಂಡು ಮರಿಗಳು ಮೊದಲು ಹೋಗಿ, ಹೆಣ್ಣು ಮರಿಗಳು ಉಳಿಯುವುದು ಮಾಮೂಲಿ. ಬೀದಿಯ ಸಂಖ್ಯೆಯ ದೃಷ್ಟಿಯಿಂದ ಮೊದಲು ಮನೆ ಸೇರಬೇಕಾದದ್ದೇ ಕೊನೆಗೆ ಉಳಿಯುತ್ತದೆ.

ತಳಿಯ ಮೋಹವೂ ಇದೆ. 2022ರಲ್ಲಿ ಬಂದ '777 ಚಾರ್ಲಿ' ಸಿನಿಮಾ ಕನ್ನಡದ ಲಕ್ಷಾಂತರ ಪ್ರೇಕ್ಷಕರ ಕಣ್ಣು ತೇವ ಮಾಡಿತು. ಆದರೆ ಅದರ ನಾಯಿ ಲ್ಯಾಬ್ರಡಾರ್. ನಮ್ಮ ಬೀದಿಯಲ್ಲಿ ಹುಟ್ಟಿ, ನಮ್ಮ ಸೆಕೆಗೆ ಒಗ್ಗಿದ ದೇಸಿ ಮರಿಗೆ ಭಾಷೆಯಲ್ಲೇ "ಕಂತ್ರಿ" ಎಂಬ ಬೈಗುಳ ಅಂಟಿದೆ.

ಇದನ್ನು ಬದಲಿಸಲು ಕೆಲವು ಪಾಲಿಕೆಗಳು ಪ್ರಯತ್ನಿಸಿವೆ. 2025ರ ಆಗಸ್ಟ್‌ನಲ್ಲಿ, ಕೋರ್ಟ್ ವಿವಾದ ಕಾವೇರಿದ್ದ ದಿನಗಳಲ್ಲೇ, ಹೈದರಾಬಾದ್ ಪಾಲಿಕೆ ಬಂಜಾರಾ ಹಿಲ್ಸ್‌ನ ಜಲಗಂ ವೆಂಗಳರಾವ್ ಪಾರ್ಕ್‌ನಲ್ಲಿ ದೇಸಿ ಮರಿಗಳ ದತ್ತು ಮೇಳ ಏರ್ಪಡಿಸಿತು. ಲಸಿಕೆ, ಜಂತುಹುಳು ಔಷಧ ಕೊಟ್ಟ ಮರಿಗಳು ಉಚಿತ. ಇದು ಒಳ್ಳೆಯ ಆರಂಭ. ಆದರೆ ಯಾವುದೇ ಮೇಳದ ಯಶಸ್ಸನ್ನು ಅಂದು ಎಷ್ಟು ಮರಿ ಹೋದವು ಎಂಬುದರಿಂದಲ್ಲ, ಆರು ತಿಂಗಳ ನಂತರ ಎಷ್ಟು ಅದೇ ಮನೆಯಲ್ಲಿವೆ, ಎಷ್ಟಕ್ಕೆ ಸಂತಾನಹರಣ ಆಗಿದೆ ಎಂಬುದರಿಂದ ಅಳೆಯಬೇಕು.

ಪ್ರಶ್ನೆ ಕೇಳುವುದು ಎಲ್ಲಿಯವರೆಗೆ?

ಮರಿ ಕೊಡುವ ಸ್ವಯಂಸೇವಕರು ಸಾಮಾನ್ಯವಾಗಿ ಅರ್ಜಿ ತುಂಬಿಸುತ್ತಾರೆ, ಗುರುತಿನ ಚೀಟಿ ಕೇಳುತ್ತಾರೆ, ವಿಡಿಯೊ ಕರೆಯಲ್ಲಿ ಮನೆ ನೋಡುತ್ತಾರೆ. ಕಿಟಕಿಗೆ ಜಾಲರಿ ಇದೆಯೇ, ಮನೆಯವರೆಲ್ಲ ಒಪ್ಪಿದ್ದಾರೆಯೇ, ದಿನಕ್ಕೆ ಎಷ್ಟು ಹೊತ್ತು ಮನೆ ಖಾಲಿ ಇರುತ್ತದೆ ಎಂದು ವಿಚಾರಿಸುತ್ತಾರೆ. "ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ" ಎಂಬ ಸಿಟ್ಟು ಕೇಳಿಬರುತ್ತದೆ.

ಈ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವಿದೆ. ಸ್ವಂತ ಫ್ಲ್ಯಾಟ್, ಕಾರು, ಕೈತುಂಬ ಸಂಬಳ ಇದ್ದವರೇ ಒಳ್ಳೆಯ ಪಾಲಕರು ಎಂಬ ಊಹೆ ಕೆಲವು ಅರ್ಜಿಗಳಲ್ಲಿ ಅಡಗಿರುತ್ತದೆ. ಚಾಳಿನಲ್ಲಿ, ವಠಾರದಲ್ಲಿ, ಕಾಗದಪತ್ರವಿಲ್ಲದೆ ನಾಯಿಯನ್ನು ಹತ್ತು ವರ್ಷ ಪ್ರೀತಿಯಿಂದ ಸಾಕಿದವರು ಕಡಿಮೆಯೇನಿಲ್ಲ. ಅಲ್ಲಿ ಹಗಲು ಹೊತ್ತು ಮನೆಯಲ್ಲಿ ಯಾರಾದರೂ ಇರುತ್ತಾರೆ. ಐಟಿ ದಂಪತಿಯ ಮೂರು ಕೋಣೆಯ ಫ್ಲ್ಯಾಟ್‌ನಲ್ಲಿ ಆ ಸೌಲಭ್ಯ ಇಲ್ಲದಿರಬಹುದು.

ಆದರೆ ಪ್ರಶ್ನೆಯನ್ನೇ ಕೈಬಿಡುವುದು ಪರಿಹಾರವಲ್ಲ. ಆಸ್ತಿಯ ಬಗ್ಗೆ ಕಡಿಮೆ, ದಿನಚರಿಯ ಬಗ್ಗೆ ಹೆಚ್ಚು ಕೇಳಬೇಕು. ಓನರ್ ಲಿಖಿತವಾಗಿ ಒಪ್ಪಿದ್ದಾರೆಯೇ? ಹಬ್ಬಕ್ಕೆ ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಕೆಲಸ ಬಿಟ್ಟರೆ, ಮಗು ಹುಟ್ಟಿದರೆ ಏನು ಮಾಡುತ್ತೀರಿ? ಈ ಮೂರಕ್ಕೆ ಉತ್ತರವಿದ್ದರೆ ಬಾಲ್ಕನಿಯ ಅಳತೆ ಮುಖ್ಯವಲ್ಲ.

ಶಿಕ್ಷೆ 50 ರೂಪಾಯಿ

ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ತುತ್ತಾಗುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11ರಡಿ ಅಪರಾಧ. ಮೊದಲ ಬಾರಿಗೆ ದಂಡ 10ರಿಂದ 50 ರೂಪಾಯಿ. ಈ ಮೊತ್ತ ಕಂಡು ಯಾರೂ ಹೆದರುವುದಿಲ್ಲ. ದಂಡ ಹೆಚ್ಚಬೇಕು ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು.

ಆದರೆ ದಂಡವೊಂದನ್ನೇ ಏರಿಸಿದರೆ ಇನ್ನೊಂದು ಅಪಾಯವಿದೆ. ವಾಪಸ್ ಕೊಡಲು ಜಾಗವಿಲ್ಲದೆ, ಇಟ್ಟುಕೊಳ್ಳಲು ಮನೆಯಿಲ್ಲದೆ ಸಿಕ್ಕಿಬಿದ್ದ ವ್ಯಕ್ತಿ ರಾತ್ರಿ ಹೊತ್ತು ಕೊರಳಪಟ್ಟಿ ಬಿಚ್ಚಿ ಹೆದ್ದಾರಿ ಪಕ್ಕ ಬಿಟ್ಟು ಬರುತ್ತಾನೆ. ನಾಲ್ಕು ತಿಂಗಳು ಸೋಫಾ ಮೇಲೆ ಮಲಗಿದ ನಾಯಿಗೆ ಬೀದಿಯ ಗಡಿಗಳು, ವಾಹನಗಳು, ಇತರ ನಾಯಿಗಳ ಗುಂಪು ಯಾವುದೂ ಗೊತ್ತಿರುವುದಿಲ್ಲ. ಮೊದಲೇ ಬೀದಿಯಲ್ಲಿ ಬಿಟ್ಟಿದ್ದರೆ ಬದುಕುತ್ತಿತ್ತೇನೋ ಎನ್ನುವ ಸ್ಥಿತಿ ಅದು.

ಆದ್ದರಿಂದ ದತ್ತು ವ್ಯವಸ್ಥೆಗೆ ಮೊದಲು ಬೇಕಾದದ್ದು ನಾಚಿಕೆಯಿಲ್ಲದೆ ವಾಪಸ್ ಕೊಡುವ ದಾರಿ. ಹಲವು ಸ್ವಯಂಸೇವಕರ ದತ್ತು ಪತ್ರದಲ್ಲಿ "ಆಗದಿದ್ದರೆ ಬೇರೆಯವರಿಗೆ ಕೊಡಬೇಡಿ, ನಮಗೇ ಮರಳಿಸಿ" ಎಂಬ ಸಾಲು ಈಗಾಗಲೇ ಇರುತ್ತದೆ. ಪಾಲಿಕೆಗಳ ದತ್ತಿಗೂ ಅದೇ ಸಾಲು ಬೇಕು, ಅದರ ಹಿಂದೆ ಕೆಲವು ಖಾಲಿ ಗೂಡುಗಳೂ ಬೇಕು. ವಾಪಸ್ ಪಡೆದರೆ ಜನ ಬೇಜವಾಬ್ದಾರಿ ಕಲಿಯುತ್ತಾರೆ ಎಂಬ ಆಕ್ಷೇಪ ಬರಬಹುದು. ಅದು ನಿಜವೇ ಆದರೂ, ಬೇಜವಾಬ್ದಾರಿಯ ಬೆಲೆಯನ್ನು ನಾಯಿ ತೆರುವುದಕ್ಕಿಂತ ಪಾಲಿಕೆಯ ಪುಸ್ತಕದಲ್ಲಿ ಒಂದು ಹೆಸರು ದಾಖಲಾಗುವುದು ಮೇಲು.

ಎರಡನೆಯದು ಆರನೇ ತಿಂಗಳ ಕರೆ. 2023ರ ನಿಯಮಗಳಡಿ ಸ್ಥಳೀಯ ಮಟ್ಟದಲ್ಲಿ ಎಬಿಸಿ ಉಸ್ತುವಾರಿ ಸಮಿತಿ ಇರಬೇಕು. ದತ್ತು ಹೋದ ಮರಿಗಳ ಪಟ್ಟಿ ಅದರ ಮುಂದಿದ್ದರೆ, ಆರು ತಿಂಗಳು ತುಂಬಿದ ಮೇಲೆ ಫೋನ್ ಮಾಡಿ ಉಚಿತ ಶಸ್ತ್ರಚಿಕಿತ್ಸೆಗೆ ದಿನ ಕೊಡಬಹುದು. ಅದೇ ದಿನ ಪರವಾನಗಿಯನ್ನೂ ಮಾಡಿಸಬಹುದು. ಚೆನ್ನೈ ಪಾಲಿಕೆ 2025ರ ಕೊನೆಯಲ್ಲಿ ಪರವಾನಗಿ ಇಲ್ಲದ ಸಾಕು ನಾಯಿಗೆ 5,000 ರೂ. ದಂಡ ಎಂದಾಗ ಜನ ಸಾಲು ನಿಂತು ನೋಂದಣಿ ಮಾಡಿಸಿದರು. ಆ ಕಾಗದ ಕೆಲಸವನ್ನು ದತ್ತು ಪಡೆದ ದೇಸಿ ನಾಯಿಗೆ ಉಚಿತ ಮಾಡಿದರೆ ಪಾಲಿಕೆಗೆ ಆಗುವ ನಷ್ಟ ಅಲ್ಪ.

ಮೂರನೆಯದು ತಾತ್ಕಾಲಿಕ ಪಾಲನೆ, ಅಂದರೆ ಫಾಸ್ಟರ್ ಮನೆಗಳು. ಹನ್ನೆರಡು ವರ್ಷದ ಮಾತು ಕೊಡಲಾಗದ ಬಾಡಿಗೆದಾರ ಮೂರು ವಾರದ ಮಾತು ಕೊಡಬಹುದು. ಪ್ರತ್ಯೇಕವಾಗಿಡುವ ಎರಡು ವಾರ, ಲಸಿಕೆಯ ಒಂದು ಸುತ್ತು, ಪೇಪರ್ ಮೇಲೆ ಮೂತ್ರ ಮಾಡುವ ಅಭ್ಯಾಸ, ಇಷ್ಟಾದ ಮರಿಗೆ ಮನೆ ಸಿಗುವುದು ಸುಲಭ, ಸಿಕ್ಕ ಮನೆ ಉಳಿಯುವುದೂ ಸುಲಭ.

ಎಲ್ಲಿ ವಿಚಾರಿಸಬಹುದು?

ಮುಂಬೈಯ ವೆಲ್ಫೇರ್ ಆಫ್ ಸ್ಟ್ರೇ ಡಾಗ್ಸ್, ಪುಣೆಯ ರೆಸ್ಕ್ಯೂ ಟ್ರಸ್ಟ್, ಚೆನ್ನೈನ ಬ್ಲೂ ಕ್ರಾಸ್ ಆಫ್ ಇಂಡಿಯಾ, ಹೈದರಾಬಾದಿನ ಬ್ಲೂ ಕ್ರಾಸ್, ದೆಹಲಿಯ ಫ್ರೆಂಡಿಕೋಸ್, ಬೆಂಗಳೂರಿನ ಕ್ಯುಪಾ, ಇವು ದೀರ್ಘ ಕಾಲದಿಂದ ಬೀದಿ ಪ್ರಾಣಿಗಳ ಚಿಕಿತ್ಸೆ ಮತ್ತು ದತ್ತು ಕೆಲಸ ಮಾಡುತ್ತಿರುವ ಸಂಸ್ಥೆಗಳು. ಮರಿ ಬೇಕಾದವರು, ಮರಿಗೆ ಮನೆ ಬೇಕಾದವರು ಇಬ್ಬರೂ ಅಲ್ಲಿಂದ ಶುರು ಮಾಡಬಹುದು. ಆದರೆ ಇಂಥ ಸಂಸ್ಥೆಗಳ ಗೂಡುಗಳಲ್ಲಿ ಗಾಯಗೊಂಡ, ಕಾಯಿಲೆಯ ಪ್ರಾಣಿಗಳಿಗೇ ಮೊದಲ ಆದ್ಯತೆ. ಆರೋಗ್ಯವಂತ ಮರಿಯನ್ನು ಗೇಟಿನ ಮುಂದೆ ಬಿಟ್ಟು ಹೋದರೆ ಅಲ್ಲಿ ಅದಕ್ಕೆ ಪಾರ್ವೊ ತಗುಲುವ ಸಾಧ್ಯತೆಯೇ ಹೆಚ್ಚು.

ಹೊಸದಾಗಿ ಒಯ್ದವರಿಗೆ ಸ್ವಯಂಸೇವಕರು ಹೇಳುವ ಒಂದು ರೂಢಿಯ ಲೆಕ್ಕವಿದೆ. ಹೆದರಿಕೆ ಇಳಿಯಲು ಮೂರು ದಿನ, ದಿನಚರಿ ತಿಳಿಯಲು ಮೂರು ವಾರ, ಮನೆ ತನ್ನದೆನಿಸಲು ಮೂರು ತಿಂಗಳು. ಹದಿನೈದನೇ ದಿನಕ್ಕೆ ಬರುವ "ವಾಪಸ್ ತಗೊಳ್ತೀರಾ" ಎಂಬ ಫೋನ್ ಈ ಲೆಕ್ಕದ ನಡುವೆಯೇ ಬರುತ್ತದೆ. ಅಂದು ಇನ್ನೊಂದು ವಾರ ನೋಡಿ ಎಂದು ಧೈರ್ಯ ಹೇಳುವವರು ಒಬ್ಬರಿದ್ದರೆ ಎಷ್ಟೋ ಮರಿಗಳು ಅಲ್ಲೇ ಉಳಿಯುತ್ತವೆ. ಉಳಿಯಲಾಗದ ಮರಿಗೆ ಬೀದಿಯ ಬದಲು ಇನ್ನೊಂದು ಮನೆ ಸಿಗುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಆ ಸಂದೇಶಕ್ಕೂ ಒಂದು ಸಾಲು ಸೇರಬೇಕಿದೆ. ಎರಡೂವರೆ ತಿಂಗಳ ಹೆಣ್ಣು ಮರಿ, ಮೊದಲ ಲಸಿಕೆ ಆಗಿದೆ, ಆರನೇ ತಿಂಗಳಿಗೆ ಆಪರೇಷನ್ ನಾವೇ ಮಾಡಿಸುತ್ತೇವೆ, ನಿಮ್ಮಿಂದ ಆಗದಿದ್ದರೆ ನಮಗೇ ಫೋನ್ ಮಾಡಿ.